ಗಾಣ ತಿರುಗುವ ಮೊದಲು ನಾನು ತಿರುಗಿದ್ದು

2023ರ ಬೇಸಿಗೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿನಲ್ಲಿತ್ತು. ಸರ್ಕಾರದ ಬೆಂಬಲ ಬೆಲೆ 11,750. ಮಾವ ಕೊಬ್ಬರಿ ಮಾರಿ ಬಂದವರು ಚೀಟಿಯನ್ನು ದೇವರ ಗೂಡಿನಲ್ಲಿಟ್ಟು, ಒಂದು ಮಾತೂ ಆಡದೆ ಕೈಕಾಲು ತೊಳೆಯಲು ಹೋದರು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿಸಿ, ಒಡೆಸಿ ಮಾರಬೇಕು. ಒಂದು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಆ ಚೀಟಿ.

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವಳು. ಕೊರೊನಾ ಕಾಲದಲ್ಲಿ ಊರಿಗೆ ಬಂದೆವು, ಮತ್ತೆ ಹೋಗಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ: ಒಡೆಯುವಾಗ ಚೂರಾದ ಕೊಬ್ಬರಿಯನ್ನು ಅರ್ಧ ಬೆಲೆಗೆ ಕೊಡೋ ಬದಲು ನಾವೇ ಎಣ್ಣೆ ತೆಗೆದರೆ ಹೇಗೆ? ಮರದ ಗಾಣದ ಎಣ್ಣೆಗೆ ಬೆಂಗಳೂರಿನಲ್ಲಿ ಜನ ಕೇಳಿದಷ್ಟು ಕೊಡುತ್ತಾರೆ. ಮಾವ ಮುದ್ದೆ ಮುರಿಯುತ್ತಾ, "ದುಡ್ಡು ಎಲ್ಲಿಂದ ತರ್ತೀಯವ್ವಾ?" ಅಂದರು. ಯಜಮಾನರು ಸುಮ್ಮನೆ ನಕ್ಕರು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹನ್ನೊಂದು ತಿಂಗಳು ಬೇಕಾಯಿತು. ಸಹಾಯ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಯಾವ ಬಾಗಿಲನ್ನು ಮೊದಲು ತಟ್ಟಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ, ಅಷ್ಟೆ. ನಾನು ತಟ್ಟಿದ್ದು ಸರಿಯಾಗಿ ಉಲ್ಟಾ ಕ್ರಮದಲ್ಲಿ.

ಮೊದಲ ತಪ್ಪು ಮೊಬೈಲಿನಲ್ಲೇ ಆಯಿತು. ಸಣ್ಣ ಉದ್ಯಮಕ್ಕೆ 'ಉದ್ಯಮ್' ನೋಂದಣಿ ಬೇಕು ಅಂತ ಓದಿದ್ದೆ. ಹುಡುಕಿದಾಗ ಮೊದಲು ಬಂದ ಪುಟವನ್ನೇ ತೆರೆದೆ. ಅಶೋಕ ಚಕ್ರ, ತ್ರಿವರ್ಣ, ಎಲ್ಲ ಇತ್ತು. ಆಧಾರ್ ನಂಬರ್ ಹಾಕಿದೆ, 2,500 ರೂಪಾಯಿ ಕಟ್ಟಿದೆ. ಎರಡು ದಿನಕ್ಕೆ ಪ್ರಮಾಣಪತ್ರವೂ ಬಂತು, ಅದು ಅಸಲಿಯೇ. ಆದರೆ ಈ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. 2020ರ ಜುಲೈನಲ್ಲಿ ಶುರುವಾದಾಗಿನಿಂದಲೂ ಅದು ಉಚಿತ. ಆಧಾರ್, ಪ್ಯಾನ್ ಇದ್ದರೆ ಸಾಕು, ಹತ್ತು ನಿಮಿಷದ ಕೆಲಸ. ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದಾ ಅಂತ ನೋಡಬೇಕಿತ್ತು. ನಾನು ಮಾಡಬಹುದಾಗಿದ್ದನ್ನು ಯಾರೋ ಮಾಡಿಕೊಟ್ಟು 2,500 ತಗೊಂಡರು. ನನ್ನ ನಂಬರ್ ಎಲ್ಲೆಲ್ಲಿಗೋ ಹೋಯಿತು ಅಂತ ಕಾಣುತ್ತದೆ. ಅಲ್ಲಿಂದಾಚೆ ವಾರಕ್ಕೆರಡು ಸಲ "ಮೇಡಂ, ನಿಮ್ಮ ಮುದ್ರಾ ಲೋನ್ ಸ್ಯಾಂಕ್ಷನ್ ಆಗಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ" ಅಂತ ಫೋನು. ಮುದ್ರಾ ಸಾಲಕ್ಕೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ!

ಎರಡನೇ ತಪ್ಪು ಇನ್ನೂ ದುಬಾರಿ. ಕೊಯಮತ್ತೂರಿನ ಕಡೆಯ ಯಂತ್ರ ತಯಾರಕರೊಬ್ಬರು ಗಾಣ ತಿರುಗುವ ವಿಡಿಯೋ ಕಳಿಸಿದರು. ಬಾಗೆ ಮರದ ಒರಳು, ಅಂಚಿನಿಂದ ಜಿನುಗುವ ಎಣ್ಣೆ. ನೋಡ್ತಾ ನೋಡ್ತಾ ಮನಸ್ಸು ಕರಗಿತು. "ಈ ವಾರ ಬುಕ್ ಮಾಡಿದರೆ ಹಳೇ ರೇಟು" ಅಂದರು. ಐವತ್ತು ಸಾವಿರ ಮುಂಗಡ ಕಳಿಸಿಬಿಟ್ಟೆ. ಲೆಕ್ಕ ಬರೆದು ಬದುಕಿದವಳು ನಾನು!

ಆಮೇಲೆ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದೆ. ಅಲ್ಲಿಗೆ ಮೊದಲೇ ಹೋಗಬೇಕಿತ್ತು. ಒಳಗೆ ಕೂತಿದ್ದ ಅಧಿಕಾರಿ ಹಾಳೆ ಮಧ್ಯೆ ಒಂದು ಗೆರೆ ಎಳೆದು ಎರಡು ಯೋಜನೆಗಳನ್ನು ಬರೆದರು. ಎಡಗಡೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ, ಅಂದರೆ ಪಿಎಂಇಜಿಪಿ. ಹಳ್ಳಿಯ ಹೆಣ್ಣುಮಗಳಾದರೆ ಶೇ 35 ಸಹಾಯಧನ, ಕೈಯಿಂದ ಹಾಕುವುದು ಶೇ 5. ಬಲಗಡೆ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ, ಪಿಎಂಎಫ್‌ಎಂಇ. ಆಗ ಅದರಲ್ಲಿ ಶೇ 35 ಸಹಾಯಧನ, ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸುತ್ತಿತ್ತು. ಒಟ್ಟು ಅರ್ಧ, ಗರಿಷ್ಠ 15 ಲಕ್ಷ. ಕೈಯಿಂದ ಶೇ 10 ಹಾಕಬೇಕಿತ್ತು. "ಒಂದು ಜಿಲ್ಲೆ ಒಂದು ಉತ್ಪನ್ನದಲ್ಲಿ ತುಮಕೂರಿಗೆ ಬಂದಿರೋದೇ ತೆಂಗು. ನೀವು ಈ ಕಡೆ ಹೋಗಿ" ಅಂತ ಬಲಗಡೆಗೆ ಸುತ್ತು ಹಾಕಿದರು. ಅದು ಕೃಷಿ ಇಲಾಖೆ ನೋಡಿಕೊಳ್ಳುವ ಯೋಜನೆ, ತಮ್ಮದಲ್ಲ ಅಂತ ಹೇಳಿ ಅಲ್ಲಿನ ವಿಳಾಸ ಕೊಟ್ಟರು. ತಮ್ಮ ಕಚೇರಿಗೆ ಬಂದ ಗಿರಾಕಿಯನ್ನು ಪಕ್ಕದ ಕಚೇರಿಗೆ ಕಳಿಸುವವರು ಎಷ್ಟು ಜನ ಇದ್ದಾರೆ? ಆ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ.

ಮುಂಗಡ ಕಟ್ಟಿದ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಲೋನ್ ಮಂಜೂರಾದ ಮೇಲೆ ಬ್ಯಾಂಕೇ ಮೆಷಿನ್ ಕಂಪನಿಗೆ ದುಡ್ಡು ಹಾಕುತ್ತೆ. ನೀವು ಈಗ ಬರೀ ಕೊಟೇಷನ್ ತಗೋಬೇಕಿತ್ತು." ವಾಪಸ್ ಕೇಳಿ ಎರಡು ತಿಂಗಳು ಫೋನ್ ಮಾಡಿದ್ದಾಯಿತು. ಮೂವತ್ತೈದು ಸಾವಿರ ಬಂತು. ಹದಿನೈದು ಸಾವಿರ ಹೋಯಿತು.

ಜುಲೈನಲ್ಲಿ ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟ್ ಸಂಸ್ಥೆಯಲ್ಲಿ ಉದ್ಯಮಶೀಲತಾ ತರಬೇತಿಗೆ ಸೇರಿದೆ. ಈ ಸಂಸ್ಥೆಗಳ ಮೂಲ ಉಜಿರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ್ದು. ಅದನ್ನೇ ಮಾದರಿಯಾಗಿಟ್ಟುಕೊಂಡು ಆಮೇಲೆ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳು ಆರ್‌ಸೆಟಿ ಅಂತ ತೆರೆದವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಉಚಿತ ಅಂದ ತಕ್ಷಣ ನಮ್ಮ ಜನಕ್ಕೆ ಸಸಾರ. ನನಗೂ ಹಾಗೇ ಇತ್ತು.

ಎರಡನೇ ದಿನ ಒಂದು ಆಟ ಆಡಿಸಿದರು. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಮೂರು ಬಳೆ. ದೂರ ದೂರಕ್ಕೆ ಸುಣ್ಣದ ಗೆರೆ. ಎಲ್ಲಿಂದ ಎಸೆಯಬೇಕು ಅನ್ನೋದು ನಮ್ಮಿಷ್ಟ. ದೂರದಿಂದ ಹಾಕಿದರೆ ಜಾಸ್ತಿ ಅಂಕ. ಕೋಳಿ ಸಾಕುವ ಒಬ್ಬ ಹುಡುಗ ಗೂಟದ ಪಕ್ಕದಲ್ಲೇ ನಿಂತು ಮೂರೂ ಹಾಕಿ ಹಲ್ಲು ಕಿರಿದ. ನಾನು ಕೊನೆ ಗೆರೆಗೆ ಹೋದೆ. ಮೂರೂ ಬಳೆ ಗೋಡೆಗೆ ಬಡಿದವು. ಬ್ಯೂಟಿ ಪಾರ್ಲರ್ ಇಡಬೇಕು ಅಂತ ಬಂದಿದ್ದ ಕುಣಿಗಲ್ಲಿನ ಹುಡುಗಿ ನಡುವಿನ ಗೆರೆಯಲ್ಲಿ ನಿಂತಳು. ಮೊದಲ ಬಳೆ ತಪ್ಪಿತು. ಅರ್ಧ ಹೆಜ್ಜೆ ಮುಂದೆ ಬಂದು ಎರಡನೇದು ಹಾಕಿದಳು, ಮೂರನೇದನ್ನೂ ಹಾಕಿದಳು. ಗುರುಗಳು ನನ್ನ ಕಡೆ ತಿರುಗಿ, "ನೀವು ಯಾಕೆ ಅಷ್ಟು ದೂರ ಹೋದ್ರಿ?" ಅಂದರು. ಐವತ್ತು ಸಾವಿರ ನೆನಪಾಯಿತು. ಉತ್ತರ ಕೊಡಲಿಲ್ಲ.

ಅಲ್ಲಿ ಸಿಕ್ಕಿದ ಇನ್ನೊಂದು ಕೆಲಸ ನನ್ನನ್ನು ಮುಂದೆ ಬ್ಯಾಂಕಿನಲ್ಲಿ ಉಳಿಸಿತು. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು, ಎಣ್ಣೆ ಯಾರು ಕೊಳ್ಳಬಹುದು ಅಂತ ಹೋಗಿ ಕೇಳಿ ಬರೆದುಕೊಂಡು ಬನ್ನಿ ಅಂದರು. ಅಂದಾಜು ಬೇಡ, ಹೆಸರು ಬೇಕು. ತಿಪಟೂರು, ಅರಸೀಕೆರೆ, ಬೆಂಗಳೂರಿನಲ್ಲಿ ನನ್ನ ಹಳೇ ಸಹೋದ್ಯೋಗಿಗಳು, ಅವರ ಅಪಾರ್ಟ್‌ಮೆಂಟಿನವರು. ಈಗ ಯಾವ ಎಣ್ಣೆ, ತಿಂಗಳಿಗೆ ಎಷ್ಟು ಲೀಟರ್, ಎಷ್ಟು ರೂಪಾಯಿ, ಏನು ಇಷ್ಟವಿಲ್ಲ. ಎಂಬತ್ತಾರು ಮನೆ ಕೇಳಿದೆ. ಅದರಲ್ಲಿ ನಲವತ್ತಮೂರು ಜನ "ಕೊಟ್ಟು ನೋಡಿ" ಅಂದರು. ಒಬ್ಬರು ಆಂಟಿ "ಕೊಬ್ಬರಿ ಎಣ್ಣೆಯಲ್ಲಿ ಅಡುಗೆಯಾ? ನಾವೇನು ಮಂಗಳೂರಿನವರಾ?" ಅಂತ ಬಾಗಿಲು ಹಾಕಿಕೊಂಡರು. ಅದನ್ನೂ ಬರೆದುಕೊಂಡೆ. ಕಡಲೆಕಾಯಿ ಎಣ್ಣೆಯನ್ನೂ ತೆಗೆಯಬೇಕು ಅಂತ ಹೊಳೆದದ್ದು ಆ ಬಾಗಿಲಿನ ಮುಂದೆಯೇ.

ಅಧಿಕಾರಿ ಸುತ್ತು ಹಾಕಿದ ಆ ಆಹಾರ ಸಂಸ್ಕರಣಾ ಯೋಜನೆಗೆ ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ. ಎಲ್ಲರೂ ಡಿಆರ್‌ಪಿ ಅಂತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು, ಆನ್‌ಲೈನ್ ಅರ್ಜಿ ಹಾಕುವುದು, ಬ್ಯಾಂಕಿನ ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ. ಅವರಿಗೆ ದುಡ್ಡು ಕೊಡುವುದು ಸರ್ಕಾರ, ನಾವಲ್ಲ. ನನಗೆ ಸಿಕ್ಕಿದ ಡಿಆರ್‌ಪಿ ಸರ್ ಬೈಕಿನಲ್ಲಿ ಮನೆಗೇ ಬಂದರು. ಕಾಫಿ ಕುಡಿದು, ಎಲ್ಲಿ ಗಾಣ ಹಾಕ್ತೀರಿ ಅಂದರು. ತೋಟದ ಮನೆ ತೋರಿಸಿದೆ. ತಲೆ ಅಲ್ಲಾಡಿಸಿದರು. ತೋಟಕ್ಕೆ ಬರುವ ತ್ರೀ ಫೇಸ್ ಕರೆಂಟು ಪಂಪ್‌ಸೆಟ್ಟಿಗೆ ಅಂತ, ದಿನಕ್ಕೆ ಏಳು ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಆ ಕರೆಂಟಿನಲ್ಲಿ ಗಾಣ ಓಡಿಸಿದರೆ ಕೇಸು. ಕೊನೆಗೆ ಊರೊಳಗಿನ ನಮ್ಮ ಹಳೇ ಕೊಟ್ಟಿಗೆಯೇ ಗತಿಯಾಯಿತು.

ಕೊಟ್ಟಿಗೆಗೆ ದಾಖಲೆ ಎಲ್ಲಿ? ಮಾವನ ಅಪ್ಪನ ಹೆಸರಿನಲ್ಲಿದ್ದ ಹಳೇ ಕಂದಾಯದ ರಸೀದಿ ಬಿಟ್ಟರೆ ಏನಿಲ್ಲ. ಬ್ಯಾಂಕಿಗೆ ಇ-ಸ್ವತ್ತು ಬೇಕು, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ನಮೂನೆ 9 ಮತ್ತು 11. ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಪಂಚಾಯಿತಿಯ ಮೆಟ್ಟಿಲು ಸವೆಸಿದೆ. ಅದರ ಕಥೆ ಬೇಡ ಬಿಡಿ, ಎಲ್ಲರ ಮನೆಯಲ್ಲೂ ಒಂದಿದೆ.

ಆ ಎರಡು ತಿಂಗಳು ನಾನು ಸುಮ್ನೆ ಕೂರಲಿಲ್ಲ ಅನ್ನೋದೇ ಸಮಾಧಾನ. ನಮ್ಮೂರಿನಿಂದ ಸ್ವಲ್ಪ ದೂರದಲ್ಲೇ ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಇದೆ. ಇಷ್ಟು ವರ್ಷ ಅದರ ಮುಂದೆ ಬಸ್ಸಿನಲ್ಲಿ ಹೋಗುತ್ತಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಕೊಬ್ಬರಿಯ ತೇವಾಂಶ ಶೇ 6ರ ಹತ್ತಿರಕ್ಕೆ ಇಳಿಯುವವರೆಗೆ ಗಾಣಕ್ಕೆ ಹಾಕಬೇಡಿ ಅಂತ ಹೇಳಿಕೊಟ್ಟವರು ಅಲ್ಲಿನ ಮೇಡಂ. ಜಾಸ್ತಿ ಇದ್ದರೆ ಬೂಸಲು ಬರುತ್ತದೆ, ಎಣ್ಣೆ ಬೇಗ ಕೆಡುತ್ತದೆ. ತೇವಾಂಶ ಅಳೆಯುವ ಯಂತ್ರವನ್ನೂ ತೋರಿಸಿದರು.

ಆದರೆ ನಿಜವಾಗಿ ಕೊಬ್ಬರಿ ಆರಿಸುವುದನ್ನು ಕಲಿಸಿದ್ದು ಪಕ್ಕದೂರಿನ ಗಾಣಿಗರ ಅಜ್ಜ. ಎತ್ತಿನ ಗಾಣ ಹೊಡೆದವರು. ನಾನು ತಂದ ಚೀಲದಿಂದ ಒಂದೊಂದೇ ಚೂರು ತೆಗೆದು, ಉಗುರಿನಲ್ಲಿ ಕೆರೆದು, ಮೂಗಿಗೆ ಹಿಡಿದು, ಎರಡು ಗುಡ್ಡೆ ಮಾಡಿದರು. ನನ್ನ ಕಣ್ಣಿಗೆ ಎರಡೂ ಒಂದೇ. "ಇದು ಕೌಟು" ಅಂತ ಒಂದು ಚೂರು ಕೈಗಿಟ್ಟರು. ಮೂಸಿದೆ. ಏನೂ ಗೊತ್ತಾಗಲಿಲ್ಲ. "ಅಗಿ" ಅಂದರು. ಅಗಿದೆ. ಮೊದಲು ಸಿಹಿ, ಆಮೇಲೆ ಗಂಟಲಿನ ಹತ್ತಿರ ಒಂದು ಹಳಸಲು ಕಹಿ. "ಇಂಥದ್ದು ಒಂದು ಹಿಡಿ ಸೇರಿದ್ರೆ ಸಾಕು ಕಣವ್ವಾ, ಇಡೀ ಒಬ್ಬೆ ಎಣ್ಣೆ ಕೆಟ್ಟಂಗೆ. ಮೆಷಿನ್ನು ಹೇಳಕ್ಕಿಲ್ಲ, ಮೂಗು ಹೇಳ್ಬೇಕು." ನಾಲ್ಕು ಭಾನುವಾರ ಹೋಗಿ ಅವರ ಜಗಲಿಯಲ್ಲಿ ಕೂತು ಕೊಬ್ಬರಿ ಮೂಸಿದೆ. ಅವರು ದುಡ್ಡು ಮುಟ್ಟಲಿಲ್ಲ. ಎಲೆ ಅಡಿಕೆ ಮಾತ್ರ ತಗೊಂಡರು. ನಾನು ಅಲೆದ ಜಾಗಗಳಲ್ಲಿ ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಜಾಗ ಆ ಜಗಲಿ ಒಂದೇ.

ನವೆಂಬರಿನಲ್ಲಿ ಬ್ಯಾಂಕು. ಮೊದಲ ಶಾಖೆಯಲ್ಲಿ "ಈ ಸಲದ ಟಾರ್ಗೆಟ್ ಮುಗೀತು" ಅಂದರು. ನವೆಂಬರಿಗೇ ಹೇಗೆ ಮುಗಿಯುತ್ತೆ ಅಂತ ಕೇಳುವ ಧೈರ್ಯ ಅವತ್ತು ಇರಲಿಲ್ಲ. ಎರಡನೆಯದು ಮಾವನ ಬೆಳೆ ಸಾಲ ಇದ್ದ ಶಾಖೆ. ಅಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಬೆಂಗಳೂರಿನಲ್ಲಿದ್ದಾಗ ಕಂತಿನಲ್ಲಿ ಫ್ರಿಜ್ ತಗೊಂಡಿದ್ದೆ. ಕೊನೆ ಕಂತಿನದು 812 ರೂಪಾಯಿ ಬಾಕಿ ಉಳಿದಿತ್ತಂತೆ. ನನಗೆ ನೆನಪೇ ಇಲ್ಲ. ಹಳೇ ಸಾಲ ಸರಿಯಾಗಿ ಕಟ್ಟಿದ್ದೀವಾ ಅಂತ ಬ್ಯಾಂಕು ನೋಡುವ ಸಿಬಿಲ್ ವರದಿಯಲ್ಲಿ ಆ 812 ನನ್ನ ಅಂಕವನ್ನು ನೆಲಕ್ಕೆ ಹಾಕಿತ್ತು. ಕಟ್ಟಿ, ಬಾಕಿ ಇಲ್ಲ ಅನ್ನೋ ಪತ್ರ ತಂದು, ಅದು ದಾಖಲೆಗೆ ಏರುವಷ್ಟರಲ್ಲಿ ಸಂಕ್ರಾಂತಿ ಬಂತು. ವರ್ಷಕ್ಕೊಂದು ಸಲ ಈ ವರದಿಯನ್ನು ನಾವೇ ಪುಕ್ಕಟೆ ತರಿಸಿಕೊಂಡು ನೋಡಬಹುದು. ಮೇ ತಿಂಗಳಲ್ಲೇ ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮ್ಯಾನೇಜರ್ ಪ್ರಾಜೆಕ್ಟ್ ರಿಪೋರ್ಟ್ ತಿರುವಿ ಹಾಕಿ ಪಕ್ಕಕ್ಕಿಟ್ಟರು. "ಇದರಲ್ಲಿ ಎಲ್ಲರಿಗೂ ಲಾಭಾನೇ ಬರುತ್ತೆ. ಎಣ್ಣೆ ಯಾರಿಗೆ ಮಾರ್ತೀರಿ, ಅದು ಹೇಳಿ" ಅಂದರು. ನಾನು ನೋಟ್‌ಬುಕ್ ತೆಗೆದೆ. ಅವರು ಒಂದು ಪುಟ ಓದಿದರು, ಇನ್ನೊಂದು ಓದಿದರು. 'ಮಂಗಳೂರಿನವರಾ?' ಅಂದ ಆಂಟಿಯ ಪುಟಕ್ಕೆ ಬಂದಾಗ ನಕ್ಕರು. ನಲವತ್ತಮೂರರಲ್ಲಿ ಇಬ್ಬರಿಗೆ ನನ್ನ ಎದುರೇ ಫೋನ್ ಮಾಡಿದರು. ಒಟ್ಟು ಎಂಟು ಲಕ್ಷದ ಯೋಜನೆ, ನಮ್ಮದು ಎಂಬತ್ತು ಸಾವಿರ, ಉಳಿದದ್ದು ಸಾಲ. ಫೆಬ್ರವರಿಯಲ್ಲಿ ಮಂಜೂರಾಯಿತು. ಜಾಮೀನಿಗೆ ತೋಟದ ಪತ್ರ ಕೇಳಲಿಲ್ಲ. ಸಣ್ಣ ಉದ್ಯಮದ ಸಾಲಕ್ಕೆ ಸಿಜಿಟಿಎಂಎಸ್‌ಇ ಅಂತ ಸರ್ಕಾರದ ಖಾತರಿ ನಿಧಿ ಇದೆ, ಅದರಡಿ ಮಾಡಿಕೊಟ್ಟರು. ಮಾವ ನಂಬಲೇ ಇಲ್ಲ.

ಇಷ್ಟರ ನಡುವೆ ಆಹಾರ ಸುರಕ್ಷತಾ ನೋಂದಣಿ ಆಯಿತು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಗ ಶುಲ್ಕ ವರ್ಷಕ್ಕೆ ನೂರು ರೂಪಾಯಿ ಇತ್ತು. ಪೇಟೆಯ ಸೈಬರ್ ಸೆಂಟರಿನಲ್ಲಿ ಸಾವಿರದೈನೂರು ಕೇಳಿದರು. ಈ ಸಲ ನಾನೇ ಮಾಡಿಕೊಂಡೆ. ಚಟ್ನಿಪುಡಿ ಮಾಡುವ ನನ್ನ ಗೆಳತಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಹೋಗಿ ಅಲ್ಪಾವಧಿ ಕೋರ್ಸು ಮಾಡಿಬಂದಳು, ಅವಳಿಗೆ ಉಪಯೋಗವಾಯಿತು. ನನ್ನದು ಒಂದೇ ಪದಾರ್ಥ, ಅಷ್ಟು ದೂರ ಹೋಗಲಿಲ್ಲ.

ಲೇಬಲ್ ವಿಷಯದಲ್ಲಿ ಮಾತ್ರ ಮತ್ತೆ ಎಡವಿದೆ. ಚೆಂದದ ಲೇಬಲ್ ಮಾಡಿಕೊಟ್ಟವನು ನನ್ನ ಅಣ್ಣನ ಮಗ. ತೆಂಗಿನ ಗರಿ, ಗಾಣದ ಚಿತ್ರ, ಕೆಳಗೆ 'ಹೃದಯಕ್ಕೆ ಹಿತ, ಕೂದಲಿಗೆ ಸೊಂಪು' ಅಂತ ಬರೆದಿದ್ದ. ಎರಡು ಸಾವಿರ ಪ್ರಿಂಟ್ ಹಾಕಿಸಿದೆ. ಡಿಆರ್‌ಪಿ ಸರ್ ನೋಡಿದವರೇ ಹಣೆ ಚಚ್ಚಿಕೊಂಡರು. ಖಾದ್ಯ ತೈಲದ ಮೇಲೆ ಹೃದಯಕ್ಕೆ ಹಿತ, ಕೊಲೆಸ್ಟ್ರಾಲ್ ಓಡಿಸುತ್ತೆ ಅಂತೆಲ್ಲ ಬರೆಯುವ ಹಾಗಿಲ್ಲ, ಆಹಾರ ಸುರಕ್ಷತಾ ನಿಯಮದಲ್ಲೇ ಇದೆ. ಕೂದಲಿಗೆ ಅಂದರೆ ಅದು ಸೌಂದರ್ಯವರ್ಧಕ, ಅದಕ್ಕೆ ಬೇರೆಯದೇ ಲೈಸೆನ್ಸು. ಒಂದೇ ಸಾಲಿನಲ್ಲಿ ಎರಡು ಇಲಾಖೆಗೆ ಆಹ್ವಾನ! (ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ತಿನ್ನುವುದಾ, ತಲೆಗೆ ಹಚ್ಚುವುದಾ ಅನ್ನೋ ತೆರಿಗೆ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2024ರ ಡಿಸೆಂಬರಿನಲ್ಲಿ ಅದು ಖಾದ್ಯ ತೈಲವೇ ಅಂತ ತೀರ್ಪಾಯಿತು.) ಎರಡು ಸಾವಿರ ಲೇಬಲ್ ಮಕ್ಕಳ ಪುಸ್ತಕಕ್ಕೆ ಅಂಟಿದವು. ಹೊಸದರಲ್ಲಿ ಬೆಲೆ, ಪ್ಯಾಕ್ ಮಾಡಿದ ದಿನ, ವಿಳಾಸ, ದೂರಿಗೆ ಫೋನ್ ನಂಬರ್, ಹಸಿರು ಚುಕ್ಕೆ, ನೋಂದಣಿ ಸಂಖ್ಯೆ, ಮತ್ತೆ ಎಣ್ಣೆಯ ಪ್ರಮಾಣ ಲೀಟರಿನಲ್ಲೂ ಗ್ರಾಮಿನಲ್ಲೂ. ತೂಕ-ಅಳತೆ ಇಲಾಖೆಯಲ್ಲಿ ಪ್ಯಾಕರ್ ನೋಂದಣಿಯೂ ಆಯಿತು.

2024ರ ಯುಗಾದಿಯ ದಿನ ಮೊದಲ ಎಣ್ಣೆ. ನೂರು ಕೆಜಿ ಕೊಬ್ಬರಿಗೆ ಐವತ್ತೆಂಟು ಕೆಜಿ ಬಂತು. ಹಿಂಡಿ ಹಸುಗಳಿಗಾಯಿತು. ಗಾಣಿಗರ ಅಜ್ಜ ಬಂದು ಬೆರಳಲ್ಲಿ ಎಣ್ಣೆ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, ಏನೂ ಹೇಳದೆ ಎರಡು ಲೀಟರ್ ಕ್ಯಾನು ಮುಂದಿಟ್ಟರು. ನನಗೆ ಅಷ್ಟು ಸಾಕಾಯಿತು.

ಆ ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳದಲ್ಲಿ ಮಳಿಗೆಯೊಂದರ ಮೂಲೆಯಲ್ಲಿ ಒಂದು ಮೇಜು ಸಿಕ್ಕಿತು. ಬೆಳಿಗ್ಗೆ ಡಬ್ಬ ತೆರೆದರೆ ಬಾಟಲಿಗಳೆಲ್ಲ ಬೆಳ್ಳಗೆ ಗಟ್ಟಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಗೊತ್ತಿತ್ತು. ಆದರೆ ನಾನು ತಂದಿದ್ದು ಸಣ್ಣ ಬಾಯಿಯ ಬಾಟಲಿ. ಸುರಿಯಲು ಹೋದರೆ ಬರುವುದಿಲ್ಲ. ಒಬ್ಬರು "ಏನ್ರೀ, ಡಾಲ್ಡಾ ಬೆರೆಸಿದ್ದೀರಾ?" ಅಂದರು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು, "ಗಟ್ಟಿಯಾದ್ರೇನೇ ಅಸಲು ಎಣ್ಣೆ" ಅಂತ ನನ್ನ ಪರ ವಾದಕ್ಕೆ ನಿಂತರು. ಸತ್ಯ ಹೇಳಬೇಕು ಅಂದರೆ ಅದೂ ಪೂರ್ತಿ ಸರಿಯಲ್ಲ, ತಾಳೆ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ. ನಾನು ತಿದ್ದಲಿಲ್ಲ. ಅವತ್ತು ಅವರಿಂದಲೇ ವ್ಯಾಪಾರ ಆಯಿತು. ಊರಿಗೆ ಬಂದು ಅಗಲ ಬಾಯಿಯ ಬಾಟಲಿ ತರಿಸಿದೆ.

2025ರಲ್ಲಿ ಎಲ್ಲ ತಲೆಕೆಳಗಾಯಿತು. ಎಂಟು ಸಾವಿರಕ್ಕೆ ಕೇಳುವವರಿಲ್ಲದ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಮಾವನ ಮುಖದಲ್ಲಿ ಕಳೆ ಬಂತು. ನನ್ನ ಮುಖದಲ್ಲಿದ್ದದ್ದು ಹೋಯಿತು. ಒಂದೇ ಮನೆಯಲ್ಲಿ ಮಾರುವವರು ಒಬ್ಬರು, ಕೊಳ್ಳುವವಳು ಒಬ್ಬಳು. 280ಕ್ಕೆ ಕೊಡುತ್ತಿದ್ದ ಲೀಟರ್ 560 ಆಯಿತು. ನಲವತ್ತಮೂರರಲ್ಲಿ ಹತ್ತೊಂಬತ್ತು ಮನೆ ಉಳಿದವು. ಯಂತ್ರಕ್ಕೆ ಸಾಲ ತಗೊಂಡಾಗ ಕೊಬ್ಬರಿ ಕೊಳ್ಳುವ ದುಡ್ಡನ್ನು ನಾನು ತೀರಾ ಕಡಿಮೆ ತೋರಿಸಿದ್ದೆ. ಗಾಣ ನಿಲ್ಲಬಾರದು ಅಂತ ಪಾವಗಡದ ಕಡೆಯಿಂದ ಕಡಲೆಕಾಯಿ ಬೀಜ ತರಿಸಿ ಅದರ ಎಣ್ಣೆ ತೆಗೆದೆ. ಅವತ್ತು ಬಾಗಿಲು ಹಾಕಿಕೊಂಡ ಆಂಟಿ ಈಗ ತಿಂಗಳಿಗೆ ಮೂರು ಲೀಟರ್ ತಗೋತಾರೆ.

ಇನ್ನೊಂದು ತಮಾಷೆ. ಮಾರಿದ ಲೀಟರ್ ಕಡಿಮೆಯಾದರೂ ಬೆಲೆ ಏರಿದ್ದರಿಂದ ನನ್ನ ವಹಿವಾಟು 12 ಲಕ್ಷ ದಾಟಿತು. ಆಗಿನ ನಿಯಮದಲ್ಲಿ ನೂರು ರೂಪಾಯಿಯ ನೋಂದಣಿ ಸಾಲದು, ರಾಜ್ಯದ ಲೈಸೆನ್ಸು ಬೇಕು ಅಂತಾಯಿತು. ಮತ್ತೆ ಅರ್ಜಿ, ಮತ್ತೆ ಕೊಟ್ಟಿಗೆಯ ನಕ್ಷೆ. ಈ ಸಲ ಕೈ ನಡುಗಲಿಲ್ಲ.

ಸಹಾಯಧನದ ನಾಲ್ಕು ಲಕ್ಷ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿದೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿದರೆ ಸಾಲಕ್ಕೆ ಜಮೆ, ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಇದನ್ನು ಮಾವನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ತಿಂಗಳು ನಾನು ಕಂತು ಕಟ್ಟಿ ಬಂದ ದಿನ ಜಗಲಿಯಲ್ಲಿ ಕೂತು ಕೇಳುತ್ತಾರೆ: "ಆ ನಾಲ್ಕು ಲಕ್ಷ ಬಂತೇನವ್ವಾ?"